ಬಾಯಿ ಮುಚ್ಚಿ, ಇಪ್ಪತ್ತು ನಿಮಿಷ

ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸದವಳಾದ್ದರಿಂದ ಅವಳು ಎಲ್ಲರ ಬಾಯಲ್ಲೂ ಮೀಟರಕ್ಕ. ಮೀಟರ್ ಓದುವುದಕ್ಕೆ ಅರ್ಧ ನಿಮಿಷ ಸಾಕು. ಆದರೆ ಮೀಟರಕ್ಕ ಒಂದು ಮನೆಗೆ ಕಾಲಿಟ್ಟಳೆಂದರೆ ಆ ಮನೆಯೊಡತಿಯ ಬೆನ್ನುನೋವು, ಮಗಳ ಪರೀಕ್ಷೆ, ಬೆಕ್ಕಿನ ಬಸಿರು ಎಲ್ಲವನ್ನೂ ವಿಚಾರಿಸಿಕೊಂಡೇ ಹೊರಬೀಳುವುದು. ಮಾತು ಅಂದರೆ ಮಾತು! ಇವಳ ಬಾಯಿಗೊಂದು ಮೀಟರ್ ಹಾಕಿದರೆ ಅದರ ಚಕ್ರ ತಿರುಗಿ ತಿರುಗಿ ಸುಟ್ಟೇ ಹೋಗುತ್ತದೆ ಎಂದು ಕಟ್ಟಿಕೊಂಡ ಗಂಡನೇ ಹೇಳುತ್ತಿದ್ದ. ಅವಳ ಹೊಟ್ಟೆಯಲ್ಲಿ ಗುಟ್ಟೊಂದು ಸಂಜೆಯವರೆಗೆ ನಿಂತದ್ದನ್ನು ಕಂಡವರಿಲ್ಲ.

ಇಂಥವಳು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದ ಹೊತ್ತು ಒಂದೇ ಒಂದು. ಅದು ಅವಳ ಅತ್ತೆ ಒಲೆಯ ಮೇಲೆ ಕುಂಬಳಕಾಯಿ ಸೂಪು ಇಟ್ಟ ಹೊತ್ತು.

ಆ ಮನೆಯಲ್ಲೊಂದು ಅಡುಗೆ ಪುಸ್ತಕವಿತ್ತು. ಬರೀ ತರಕಾರಿ, ಬೇಳೆ, ಕಾಳುಗಳದ್ದು. ಇಟ್ಟಿಗೆಯಷ್ಟು ದಪ್ಪ, ಅದಕ್ಕೇ ಅದರ ಹೆಸರು ದಪ್ಪಮ್ಮ. ಊರಿನ ಎಷ್ಟೋ ಅಡುಗೆಮನೆಗಳಲ್ಲಿ ಅದೇ ಪುಸ್ತಕ, ಅದೇ ಅಡ್ಡಹೆಸರು. ಅತ್ತೆಯ ದಪ್ಪಮ್ಮನ ರಟ್ಟು ಯಾವಾಗಲೋ ಕಿತ್ತುಹೋಗಿ, ಹಳೇ ಪ್ಯಾಂಟಿನ ಬಟ್ಟೆ ಹೊದ್ದುಕೊಂಡು, ಉಪ್ಪಿನ ಡಬ್ಬಿಯ ಪಕ್ಕ ಕಾಯಂ ಆಗಿ ಕೂತಿತ್ತು. ಬರೆದಾಕೆ ಯಾರೋ ಭಾರೀ ಜೋರಿನ ಹೆಂಗಸು. ಪುಟಪುಟಕ್ಕೂ ಗದರಿಕೆ. "ಈರುಳ್ಳಿ ಕೆಂಪಾಗಲಿ, ಕಪ್ಪಾಗುವುದು ಬೇಡ. ಬಾಗಿಲು ಬಡಿದವರು ಕಾಯಲಿ." "ಉಪ್ಪು ಹೆಚ್ಚಾದರೆ ನನ್ನನ್ನು ಬೈಯಬೇಡಿ." ಅತ್ತೆಗೆ ಆ ಹೆಂಗಸೆಂದರೆ ಪ್ರಾಣ. ಓದುತ್ತಾ ಓದುತ್ತಾ, "ಹೂಂ ತಾಯಿ, ಆಯ್ತು ತಾಯಿ" ಎಂದು ಪುಸ್ತಕಕ್ಕೇ ಉತ್ತರ ಕೊಡುತ್ತಿದ್ದರು.

ಕುಂಬಳಕಾಯಿ ಸೂಪಿನ ಪುಟದಲ್ಲಿ, ಒಂದು ಸಾಲಿನ ಕೊನೆಗೆ, ಹಳೇ ಟೊಮೆಟೊ ಕಲೆಯೊಂದು ಒಣಗಿ ಚಕ್ಕೆ ಕಟ್ಟಿತ್ತು. ಅದರ ಆಚೀಚೆ ಇದ್ದದ್ದು ಇಷ್ಟು: "ಹೋಳುಗಳನ್ನು ಹಾಕಿ, ಬಾಯಿ ಮುಚ್ಚಿ ಇಪ್ಪತ್ತು ನಿಮಿಷ ಸುಮ್ಮನಿರಿ." ಅಷ್ಟು ಗದರುವ ಹೆಂಗಸು ಇದನ್ನೂ ಹೇಳಿದಳೆಂದರೆ ನಂಬದಿರುವುದು ಹೇಗೆ? ಅತ್ತೆ ನಂಬಿದರು. ಹೋಳು ಪಾತ್ರೆಗೆ ಬಿದ್ದ ಕೂಡಲೇ ತುಟಿಯ ಮೇಲೆ ಬೆರಳು. ಮಾತಾಡಿದರೆ ಸೂಪು ಕೆಡುತ್ತದೆ ಎಂಬುದು ಮನೆಯ ಕಾನೂನಾಯಿತು. ಮಾವ ಬದುಕಿದ್ದಾಗ ಸೀನು ಬಂದರೆ ಮೂಗು ಹಿಡಿದುಕೊಂಡು ಬೀದಿಗೆ ಓಡುತ್ತಿದ್ದರಂತೆ. ಮೀಟರಕ್ಕ ಸೊಸೆಯಾಗಿ ಬಂದ ಹೊಸತರಲ್ಲಿ, "ಅತ್ತೆ, ಕರಿಮೆಣಸು..." ಎಂದು ಬಾಯಿ ತೆಗೆದದ್ದಕ್ಕೆ ಅತ್ತೆ ಸೌಟು ಎತ್ತಿ ತೋರಿಸಿದ್ದರು. ಎಲ್ಲರೂ ಮೂಕರಾಗಿ ಕೂತು, ತೆರೆದ ಪಾತ್ರೆಯಲ್ಲಿ ಸೂಪು ಗುಳುಗುಳು ಎನ್ನುವುದನ್ನು ನೋಡಬೇಕು. ಆದರೆ ಆ ಸೂಪು! ಅಬ್ಬಬ್ಬಾ, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ, ಬೆಣ್ಣೆಯಂಥ ನುಣುಪು. ಬಟ್ಟಲು ನೆಕ್ಕದೆ ಎದ್ದವರೇ ಇಲ್ಲ.

ಈ ಸೂಪಿನ ಕೀರ್ತಿ ಊರಿನ ಲೈಬ್ರರಿಯವರೆಗೂ ಹೋಯಿತು. ದಪ್ಪಮ್ಮನನ್ನು ನೋಡಿ ಅಡುಗೆ ಮಾಡುವವರೆಲ್ಲ ಭಾನುವಾರ ಲೈಬ್ರರಿಯಲ್ಲಿ ಸೇರುವುದು, ಆಳಿಗೊಂದು ಅಡುಗೆ ತರುವುದು, ಅತ್ತೆ ಎಲ್ಲರೆದುರು ನಿಂತು ಸೂಪು ಮಾಡಿ ತೋರಿಸುವುದು ಎಂದು ನಿಶ್ಚಯವಾಯಿತು. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಸ ಚಪ್ಪಲಿ ಬಂತು. ಕನ್ನಡಿಯ ಮುಂದೆ ಭಾಷಣವೂ ಶುರುವಾಯಿತು: "ಸೂಪಿನ ಗುಟ್ಟು ಸಾಮಾನಿನಲ್ಲಿಲ್ಲ, ನಾಲಿಗೆಯಲ್ಲಿದೆ!"

ಅದೇ ವಾರ ಮಂಗಳವಾರ ಮೀಟರಕ್ಕ ಹಲ್ಲಿನ ಡಾಕ್ಟರಮ್ಮನ ಮನೆಗೆ ಹೋದಳು. ಅವರ ಮೀಟರ್ ಇರುವುದು ಅಡುಗೆಮನೆಯ ಬಾಗಿಲ ಹಿಂದೆ. ಸ್ಟೂಲು ಹತ್ತಿ, ಜೇಡರ ಬಲೆ ಸರಿಸಿ, ಯೂನಿಟ್ಟು ನೋಡಿಕೊಂಡು ಇಳಿಯುವಾಗ ಕಟ್ಟೆಯ ಮೇಲೆ ಇನ್ನೊಬ್ಬ ದಪ್ಪಮ್ಮ ತೆರೆದುಕೊಂಡು ಬಿದ್ದಿದ್ದಳು. ಅದೇ ಸೂಪಿನ ಪುಟ, ಒಂದು ಕಲೆಯೂ ಇಲ್ಲ. ಮೀಟರಕ್ಕ ಬಗ್ಗಿ ಓದಿದಳು. "ಹೋಳುಗಳನ್ನು ಹಾಕಿ, ಪಾತ್ರೆಯ ಬಾಯಿ ಮುಚ್ಚಿ ಇಪ್ಪತ್ತು ನಿಮಿಷ ಸುಮ್ಮನಿರಿ."

ಪಾತ್ರೆಯ! ಪಾತ್ರೆಯ ಬಾಯಿ!

ನಗು ಎಲ್ಲಿಂದ ಉಕ್ಕಿತೋ, ಮೀಟರಕ್ಕ ಹೊಟ್ಟೆ ಹಿಡಿದುಕೊಂಡು ಸ್ಟೂಲಿನ ಮೇಲೇ ಕುಸಿದಳು. ಡಾಕ್ಟರಮ್ಮ ಓಡಿ ಬಂದರು. "ಏನಾಯ್ತಕ್ಕಾ? ಶಾಕ್ ಹೊಡೀತಾ?"

"ಹೂಂ ಡಾಕ್ಟ್ರೇ, ಸಣ್ಣದು" ಎಂದಳು ಕಣ್ಣೊರೆಸಿಕೊಳ್ಳುತ್ತಾ.

ಮೆಟ್ಟಿಲಿಳಿಯುವಷ್ಟರಲ್ಲಿ ನಗು ಇಂಗಿಹೋಯಿತು. ಭಾನುವಾರ ಅತ್ತೆ ಅಷ್ಟು ಜನರ ಮುಂದೆ ನಿಂತು ಬಾಯಿ ಮುಚ್ಚಿ ಎನ್ನುತ್ತಾರೆ. ಯಾರಾದರೂ ಪುಸ್ತಕ ತೆಗೆದು ನೋಡಿದರೆ ಮುಗಿಯಿತು, ಮುದುಕಿ ನಗೆಪಾಟಲು. ಮೊದಲೇ ಹೇಳಿಬಿಡಲೇ? ಹೇಳಿದರೆ ಅವರು ಹೋಗುವುದೇ ಇಲ್ಲ, ಹೊಸ ಚಪ್ಪಲಿ ಮೂಲೆ ಸೇರುತ್ತದೆ. ಮನೆಗೆ ಬಂದರೆ ಅತ್ತೆ ಹಾಡು ಗುನುಗುತ್ತಾ ಸೌಟು ತಿಕ್ಕುತ್ತಿದ್ದರು. ಆ ಮುಖ ನೋಡಿ ಮೀಟರಕ್ಕನಿಗೆ ಹೇಳಲು ಮನಸ್ಸು ಬರಲಿಲ್ಲ. ಬಾಯಿ ತೆಗೆದರೆ ಎಲ್ಲಿ ಜಾರಿಬಿಡುತ್ತದೋ ಎಂದು ಆವತ್ತಿನಿಂದ ಹಾಂ, ಹೂಂ ಬಿಟ್ಟು ಮಾತೇ ಇಲ್ಲ. ಗಂಡ ಹೆದರಿ ಹಣೆ ಮುಟ್ಟಿ ನೋಡಿದ.

ಭಾನುವಾರ ಲೈಬ್ರರಿಯಲ್ಲಿ ಗಲಾಟೆಯೋ ಗಲಾಟೆ. ಪಲ್ಯ ತುಂಬಿದ ಟೊಮೆಟೊ, ಸುಟ್ಟ ಬದನೆಕಾಯಿ, ಆಲೂಗಡ್ಡೆ ಕೇಕು ಎಲ್ಲ ಮೇಜಿಗೇರಿದ್ದವು. ಜನ ತಮ್ಮ ತಮ್ಮ ದಪ್ಪಮ್ಮಂದಿರನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಯಾರ ಪುಸ್ತಕ ಹೆಚ್ಚು ಎಣ್ಣೆ ಕುಡಿದಿದೆ ಎಂದು ಪೈಪೋಟಿಗೆ ಬಿದ್ದಿದ್ದರು. "ನಮ್ಮದರಲ್ಲಿ ಬಟಾಣಿ ಪುಟಗಳನ್ನ ಇಲಿ ತಿಂದಿದೆ. ಅದಕ್ಕೂ ರುಚಿ ಗೊತ್ತು ನೋಡಿ!" ಎಂದು ಒಬ್ಬ ಬಸ್ ಡ್ರೈವರ್ ಹೆಮ್ಮೆಪಟ್ಟ.

ಅತ್ತೆ ಹೋಳು ಹಾಕಿದರು. ಬೆರಳೆತ್ತಿದರು. "ಈಗ ಎಲ್ಲರೂ ಬಾಯಿ ಮುಚ್ಚಿ!"

ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನಲ್ಲಿದ್ದ ಡಾಕ್ಟರಮ್ಮ ಹುಬ್ಬೇರಿಸಿ ತಮ್ಮ ಪುಸ್ತಕದ ಪುಟ ತಿರುವತೊಡಗಿದರು. ಮೀಟರಕ್ಕ ಧಡಕ್ಕನೆ ಎದ್ದು ಹೋಗಿ ಅತ್ತೆಯ ಪಕ್ಕ ನಿಂತಳು, ತುಟಿಯ ಮೇಲೆ ಬೆರಳಿಟ್ಟಳು, ಇಡೀ ಸಭೆಯನ್ನು ದುರುಗುಟ್ಟಿ ನೋಡಿದಳು. ಮೀಟರಕ್ಕನೇ ಬಾಯಿ ಮುಚ್ಚಿದ್ದಾಳೆ! ಅಲ್ಲಿದ್ದವರಲ್ಲಿ ಅವಳ ಬಾಯಿ ಗೊತ್ತಿಲ್ಲದವರು ಯಾರು? ಏನೋ ದೊಡ್ಡ ಸಂಗತಿಯೇ ಇರಬೇಕೆಂದು ಜನ ಬೆಪ್ಪಾಗಿ ಸುಮ್ಮನಾದರು. ಸೂಪು ಗುಳುಗುಳು ಎಂದಿತು. ಘಮ ಹಿಂದಿನ ಸಾಲಿನವರೆಗೂ ಹೋಯಿತು. ಬಸ್ ಡ್ರೈವರ್ ಸದ್ದಿಲ್ಲದೆ ಎಂಜಲು ನುಂಗಿದ.

ಬಡಿಸಿದ ಮೇಲೆ ಕೇಳಬೇಕೇ? ಇನ್ನೊಂದು ಬಟ್ಟಲು, ಮತ್ತೊಂದು ಬಟ್ಟಲು. ಡಾಕ್ಟರಮ್ಮನಂತೂ ಮೂರನೆಯದನ್ನು ಮುಗಿಸಿ ಎದ್ದು ನಿಂತರು. "ಅಮ್ಮಾ, ತಪ್ಪು ತಿಳ್ಕೋಬೇಡಿ. ನಮ್ಮನೇಲಿ ಇದು ನೀರು ನೀರಾಗುತ್ತೆ. ಆದ್ರೆ ಪುಸ್ತಕದಲ್ಲಿ ಪಾತ್ರೆಯ ಬಾಯಿ ಮುಚ್ಚಿ ಅಂತಿದೆ. ನೀವು ಪಾತ್ರೆ ತೆರೆದಿಟ್ಟು ನಮ್ಮ ಬಾಯಿ ಮುಚ್ಚಿಸಿದ್ರಲ್ಲಾ?"

ಅತ್ತೆ ಪುಸ್ತಕ ಇಸಿದುಕೊಂಡು, ದೂರ ಹಿಡಿದು ಓದಿದರು. ಇನ್ನೊಮ್ಮೆ ಓದಿದರು. ಕಿವಿ ಕೆಂಪಾಯಿತು. ಪಾತ್ರೆಯನ್ನು ನೋಡಿದರು, ಸೊಸೆಯನ್ನು ನೋಡಿದರು. ಮೀಟರಕ್ಕನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಪಾತ್ರೆ ಬಾಯಿ ಮುಚ್ಚೋಕೆ ಒಂದು ತಟ್ಟೆ ಸಾಕು ಡಾಕ್ಟ್ರಮ್ಮಾ" ಎಂದರು ಅತ್ತೆ. "ನನ್ನ ಸೊಸೆ ಬಾಯಿ ಮುಚ್ಚೋಕೆ ನಂಗೆ ಬೇರೆ ದಾರಿ ಎಲ್ಲಿತ್ತು?"

ಸಭೆ ಬಿದ್ದು ಬಿದ್ದು ನಕ್ಕಿತು. ಮೀಟರಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು.

ವಾಪಸು ಬರುವಾಗ ಖಾಲಿ ಪಾತ್ರೆ ಹಿಡಿದುಕೊಂಡ ಅತ್ತೆ ಒಂದು ಬೀದಿ ದಾಟಿದರು. ಆಮೇಲೆ ಕೇಳಿದರು: "ನಿಂಗೆ ಮೊದ್ಲೇ ಗೊತ್ತಿತ್ತು, ಅಲ್ವೇನೇ?"

"ಹೂಂ."

"ಯಾವಾಗಿಂದ?"

"ಮಂಗಳವಾರದಿಂದ."

ಅತ್ತೆ ನಡುಬೀದಿಯಲ್ಲಿ ನಿಂತೇಬಿಟ್ಟರು. "ಮಂಗಳವಾರದಿಂದಾ? ನೀನಾ? ಒಬ್ರಿಗೂ ಹೇಳ್ದೆ ಹೇಗಿದ್ಯೇ ಮಾರಾಯ್ತಿ?"

"ದಪ್ಪಮ್ಮ ಹೇಳಿದ್ದಾಳಲ್ಲ ಅತ್ತೆ, ಬಾಯಿ ಮುಚ್ಚಿ ಸುಮ್ಮನಿರಿ ಅಂತ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಪಾತ್ರೆಯನ್ನು ಯಾರದೋ ಮನೆಯ ಮೆಟ್ಟಿಲ ಮೇಲಿಟ್ಟು, ಸೊಸೆಯ ಭುಜ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಪಾಪ ಕಣೇ ನಿಮ್ಮ ಮಾವ" ಎಂದರು ಕಣ್ಣೊರೆಸಿಕೊಳ್ಳುತ್ತಾ. "ಅವರಿಗೆ ಸೀನೋಕೂ ಬಿಡ್ಲಿಲ್ವಲ್ಲೇ ನಾನು!"