ಕನ್ನಡಕದಂಗಡಿಯ ಸಿನಿಮಾ ಪಟ್ಟಿ

ನಮ್ಮ ಮಾವನಿಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೆ. ಆದರೂ ಮೂವತ್ತೊಂದು ವರ್ಷದಿಂದ ವಾರಕ್ಕೊಂದು ನೋಡುತ್ತಾ ಬಂದಿದ್ದಾರೆ. ಯಾರಾದರೊಬ್ಬರು ಮೊದಲು ನೋಡಿ ಹೇಳದಿದ್ದರೆ ಪಾಪದ ಜನ ಹೋಗಿ ಮೋಸ ಹೋಗುತ್ತಾರೆ ಎನ್ನುವುದು ಅವರ ವಾದ.

ಅವರದು ಕನ್ನಡಕದ ಅಂಗಡಿ. ಒಳಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವರ ಕೆಲಸ. ಕೌಂಟರಿನಲ್ಲಿ ನಿಂತು ಗಿರಾಕಿಗಳ ಮೂಗಿಗೆ ಒಪ್ಪುವ ಫ್ರೇಮು ಹುಡುಕುವುದು ಅವರ ಅಕ್ಕನ ಮಗಳಾದ ನನ್ನ ಕೆಲಸ. ಬುಧವಾರ ಅಂಗಡಿಗೆ ರಜೆ. ಅಂದು ಮಾವ, ಅತ್ತೆ ಇಬ್ಬರೂ ಮ್ಯಾಟಿನಿಗೆ ಹೋಗುತ್ತಾರೆ. ವರ್ಷ ಮುಗಿಯುವ ವಾರ ಮಾವ ಐವತ್ತೆರಡು ಚಿತ್ರಗಳನ್ನೂ ಯೋಗ್ಯತೆಯ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸಿ, ದಪ್ಪ ಬಿಳಿ ರಟ್ಟಿನ ಮೇಲೆ ಬರೆದು ಗೋಡೆಗೆ ತೂಗುಹಾಕುತ್ತಾರೆ. ಬರೆಯುವ ರೀತಿ ಮಾತ್ರ ಕಣ್ಣು ಪರೀಕ್ಷೆಯ ಬೋರ್ಡಿನದು. ಮೊದಲನೆಯ ಹೆಸರು ಅಂಗೈಯಗಲದ ಅಕ್ಷರದಲ್ಲಿ, ಕೆಳಗೆ ಹೋದಂತೆ ಸಣ್ಣದು, ಇನ್ನೂ ಸಣ್ಣದು. ಹೊಸ ಕನ್ನಡಕ ಹಾಕಿಕೊಂಡವರನ್ನು ಅದರೆದುರು ನಿಲ್ಲಿಸಿ, ವರ್ಷದ ಅತಿ ಕೆಟ್ಟ ಚಿತ್ರ ಯಾವುದು ಎಂದು ಕೇಳುತ್ತಾರೆ. ಓದಿ ಹೇಳಿದರೆ ನಂಬರು ಸರಿಯಿದೆ ಎಂದರ್ಥ.

ಹೆಸರಿನ ಪಕ್ಕದಲ್ಲಿ ವಿಮರ್ಶೆ. ಕೆಳಗಿನಿಂದ ಹೇಳುವುದಾದರೆ 'ಎದ್ದು ಬಂದೆ', 'ಕೂತಿದ್ದೆ', 'ನೋಡಬಹುದು', 'ಸುಮಾರು'. ಎಲ್ಲಕ್ಕಿಂತ ಮೇಲೆ 'ಪರವಾಗಿಲ್ಲ'. ಅದು ವರ್ಷಕ್ಕೆ ಒಂದೇ. ಕೆಲವು ವರ್ಷ ಅದೂ ಇಲ್ಲ. ಒಮ್ಮೆ ಥಿಯೇಟರಿನ ಮ್ಯಾನೇಜರೇ ಬಂದು, ಮೂರನೆಯದನ್ನು ಸ್ವಲ್ಪ ಮೇಲಕ್ಕೆ ಹಾಕಿ ಎಂದು ಬೇಡಿಕೊಂಡಿದ್ದ. ಮಾವ ಅವನ ಕಣ್ಣು ಪರೀಕ್ಷಿಸಿ ಕಳಿಸಿದರು. ಬರೆದದ್ದನ್ನು ತಿದ್ದುವ ಅಭ್ಯಾಸ ಅವರಿಗಿಲ್ಲ.

ಮನೆಯಲ್ಲೂ ಇದೇ ಅಳತೆ. ಅತ್ತೆಯ ಅಡುಗೆ ಸುಮಾರು. ಅತ್ತೆ ಹೊಲಿದ ಕಿಟಕಿಯ ಪರದೆ ನೋಡಬಹುದು. ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಬಗ್ಗಿ ನೋಡಿ 'ಸುಮಾರಾಗಿದೆ' ಎಂದಿದ್ದರಂತೆ; ಆ ಮಗಳಿಗೆ ಮದುವೆಯಾಗಿ ಮಕ್ಕಳಾದರೂ ಅತ್ತೆ ಅದನ್ನು ಮರೆತಿಲ್ಲ. ಒಂದು ದಿನ ಕೌಂಟರಿನ ಗಾಜು ಒರೆಸುತ್ತಾ ನನ್ನ ಹತ್ತಿರ ಹೇಳಿದರು: "ಈ ಮನುಷ್ಯನ ಬಾಯಲ್ಲಿ ಒಂದೇ ಒಂದು ಸಲ 'ಪರವಾಗಿಲ್ಲ' ಅನ್ನಿಸ್ಕೊಂಡು ಸಾಯ್ಬೇಕು ಕಣೇ." ತಮಾಷೆಗೆ ಹೇಳಿದ್ದಲ್ಲ. ನನಗೆ ಮಾವನ ಮೇಲೆ ಸಿಟ್ಟೇ ಬಂತು.

ಹೋದ ವರ್ಷದ ಕೊನೆಗೆ ಮಾವನ ಎರಡು ಕಣ್ಣಿಗೂ ಪೊರೆ ಬಂತು. ಊರಿಗೆಲ್ಲ ಕನ್ನಡಕ ಕೊಟ್ಟವರು, ತಮಗೆ ಮಂಜಾಗಿ ಕಂಡದ್ದಕ್ಕೆ ಬಲ್ಬನ್ನು ಬೈದು ಮೂರು ಸಲ ಬದಲಾಯಿಸಿದ್ದರು. ಕೊನೆಗೆ ಒಂದಾದ ಮೇಲೊಂದು ಆಪರೇಷನ್ ಆಯಿತು. ಎರಡು ತಿಂಗಳು ಸಿನಿಮಾ ಮುಟ್ಟಬೇಡಿ ಎಂದರು ಡಾಕ್ಟರು. ಪಟ್ಟಿಯಲ್ಲಿ ಎಂಟು ಚಿತ್ರ ಖೋತಾ ಆಗುತ್ತದಲ್ಲ ಎಂದು ಮಾವನಿಗೆ ಊಟ ಸೇರಲಿಲ್ಲ. ಕಡೆಗೆ ಅತ್ತೆಗೆ ಅಪ್ಪಣೆಯಾಯಿತು: ಒಬ್ಬಳೇ ಹೋಗಬೇಕು, ನೋಡಿಕೊಂಡು ಬಂದು ಹೇಳಬೇಕು. ಅಭಿಪ್ರಾಯ ಬೇಡ, ಕಥೆ ಸಾಕು.

ಅತ್ತೆ ಹೇಳಿದರು. ಊಟದ ಮೇಜಿನ ಆ ಕಡೆ ಮಾವ ಕಪ್ಪು ಕನ್ನಡಕ ಹಾಕಿಕೊಂಡು ನ್ಯಾಯಾಧೀಶರ ಗತ್ತಿನಲ್ಲಿ ಕೂರುತ್ತಿದ್ದರು. ಎಂಟನೆಯದು 'ಹದಿನೇಳನೇ ನಂಬರ್ ಬಸ್ಸು'. ಅಂದು ನಾನೂ ಇದ್ದೆ. ಒಬ್ಬ ಬಸ್ ಡ್ರೈವರ್. ದಿನಾ ಅದೇ ದಾರಿ. ಒಂದು ಸ್ಟಾಪಿನಲ್ಲಿ ದಿನಾ ಒಬ್ಬ ಹೆಂಗಸು ನಿಂತಿರುತ್ತಾಳೆ, ಒಂದು ದಿನವೂ ಹತ್ತುವುದಿಲ್ಲ. ಕೆಲಸದ ಕೊನೆಯ ದಿನ ಅವನು ಬಸ್ಸು ನಿಲ್ಲಿಸಿ, ಇಳಿದು, ಯಾಕಮ್ಮ ಹತ್ತಲ್ಲ ಎಂದು ಕೇಳುತ್ತಾನೆ. ಅವಳು ಹೇಳುತ್ತಾಳೆ: ನನಗೆ ಎಲ್ಲಿಗೂ ಹೋಗ್ಬೇಕಾಗಿಲ್ಲಪ್ಪ, ಹೇಳಿದ ಹೊತ್ತಿಗೆ ಬರೋರು ಪ್ರಪಂಚದಲ್ಲಿ ನೀನೊಬ್ಬನೇ, ಅದನ್ನ ನೋಡೋಕೆ ಬರ್ತೀನಿ.

ಮಾವ ಮೇಜಿನ ಮೇಲೆ ಲೋಟಕ್ಕೆ ತಡಕಾಡಿದರು. ಆಮೇಲೆ ನೀರು ಕೇಳಿದರು.

ಆ ವರ್ಷದ ರಟ್ಟಿನಲ್ಲಿ ಅಂಗೈಯಗಲದ ಅಕ್ಷರದಲ್ಲಿ ಬಂದದ್ದು ಬಸ್ಸೇ. ಪಕ್ಕದಲ್ಲಿ 'ಪರವಾಗಿಲ್ಲ'. ಆ ವಾರ ಅತ್ತೆ ಅಂಗಡಿಗೆ ಮೂರು ಸಲ ಬಂದು ಆ ಗೋಡೆಯ ಧೂಳು ಹೊಡೆದರು. ಗೋಡೆಯಲ್ಲಿ ಧೂಳಿರಲಿಲ್ಲ.

ಪಟ್ಟಿ ನಂಬಿ, ಮಾವನ ಬಾಯಲ್ಲಿ ಕಥೆಯನ್ನೂ ಕೇಳಿಕೊಂಡು ಮೊದಲು ಹೋದವನು ಪಕ್ಕದಂಗಡಿಯ ಟೈಲರ್. ಮರುದಿನ ಬಂದು, ಬಸ್ ಸ್ಟಾಪಿನ ಹೆಂಗಸನ್ನು ಹುಡುಕಿ ಹುಡುಕಿ ಕಣ್ಣು ನೋವು ಬಂತು, ಕನ್ನಡಕದ ನಂಬರು ಒಂದ್ಸಲ ನೋಡಿ ಎಂದ. ಮಾವ ನೋಡಿದರು. ನಂಬರು ಸರಿಯಾಗಿತ್ತು. ಅಷ್ಟರಲ್ಲಿ ಡಾಕ್ಟರ ಗಡುವೂ ಮುಗಿದಿತ್ತು. ಬುಧವಾರ ಅತ್ತೆಯನ್ನು ಕರೆದುಕೊಂಡು ತಾವೇ ಹೋದರು.

ಡ್ರೈವರ್ ನಿಜವಾಗಿ ವೇಷ ಮರೆಸಿಕೊಂಡ ಪೊಲೀಸಂತೆ. ಒಂಬತ್ತು ಫೈಟು. ಬಸ್ಸು ಎರಡು ಸಲ ಸುಟ್ಟುಹೋಗುತ್ತದೆ. ಸ್ಟಾಪಿನಲ್ಲಿ ಒಬ್ಬ ಹೆಂಗಸು ನಿಂತಿರುವುದು ನಿಜ, ಅರ್ಧ ನಿಮಿಷ. ಬ್ಯಾಗನ್ನು ತೊಡೆಯ ಮೇಲೆ ಅವುಚಿಕೊಂಡಿದ್ದ ಅತ್ತೆಯನ್ನು ಮಾವ ಇಂಟರ್‌ವಲ್‌ನಲ್ಲಿ 'ನೀನು ಹೇಳಿದ ಕಥೆ ಎಲ್ಲಿ?' ಎಂದು ಕೇಳಿದರಂತೆ.

"ಎರಡನೇ ಫೈಟಿಗೇ ನಿದ್ದೆ ಬಂತು ರೀ," ಎಂದರಂತೆ ಅತ್ತೆ. "ಮನೆಗೆ ಬಂದು ಏನಾದ್ರೂ ಹೇಳ್ಬೇಕಿತ್ತಲ್ಲ."

ಮಾವ ಮಾರನೇ ಬೆಳಿಗ್ಗೆ ಅಂಗಡಿಗೆ ಬಂದವರೇ ರಟ್ಟು ಇಳಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಿಂದೆಯೇ ಬಂದ ಅತ್ತೆ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತರು. ಇದೆಲ್ಲ ನನಗೆ ಗೊತ್ತಾದದ್ದು ಆಗಲೇ. ಕೊನೆಗೆ ಬರಿದಾದ ಮೊಳೆಯ ಕಡೆ ನೋಡುತ್ತಾ ಹೇಳಿದರು: "ಕೆಳಗೆ ಹಾಕ್ತಾರೆ ಕಣೇ. ಹಾಕ್ಲಿ ಬಿಡು. ಮೂರು ವಾರ ಮೇಲಿತ್ತಲ್ಲ." ಅತ್ತೆ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು. ಫ್ರೇಮುಗಳನ್ನು ಜೋಡಿಸುವ ನೆಪ ಮಾಡಿಕೊಂಡೆ.

ಮಧ್ಯಾಹ್ನಕ್ಕೆ ಮಾವ ಹೊಸ ರಟ್ಟು ತಂದು ತೂಗುಹಾಕಿದರು. ಸಾಲು ಐವತ್ಮೂರು, 'ಎದ್ದು ಬಂದೆ' ಆ ವರ್ಷ ಒಂದೂ ಇಲ್ಲ. ಕಟ್ಟಕಡೆಯದು ಇರುವೆ ನಡೆದ ಹಾಗಿತ್ತು. ನಾನು ಮೂಗು ತಾಗಿಸಿ ಓದಿದೆ. 'ಹದಿನೇಳನೇ ನಂಬರ್ ಬಸ್ಸು, ಥಿಯೇಟರಿನವರು ತೋರಿಸಿದ್ದು: ಕೂತಿದ್ದೆ.'

ಮಾವ ಅತ್ತೆಯನ್ನು ಗಿರಾಕಿಗಳು ನಿಲ್ಲುವ ಗೆರೆಯ ಮೇಲೆ ನಿಲ್ಲಿಸಿ, ಕನ್ನಡಕ ತೆಗೆಸಿ, ಮೊದಲನೇ ಸಾಲು ಓದು ಎಂದರು. ಎದುರಿನ ಫುಟ್‌ಪಾತಿಗೂ ಕಾಣುವಷ್ಟು ದೊಡ್ಡ ಅಕ್ಷರ.

ಅತ್ತೆ ಒಂದೊಂದೇ ಪದ ಓದಿದರು. "ಹದಿನೇಳನೇ ನಂಬರ್ ಬಸ್ಸು, ನನ್ನ ಹೆಂಡತಿ ಹೇಳಿದ್ದು: ಪರವಾಗಿಲ್ಲ."

ಇನ್ನೊಂದು ಸಲ ಓದಿದರು, ಈ ಸಲ ಮನಸ್ಸಿನಲ್ಲೇ. ಕನ್ನಡಕ ಒರೆಸಿ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಅಕ್ಷರ ಸುಮಾರು," ಎಂದರು.

ಮಾವ ಒಪ್ಪಿ ತಲೆಯಾಡಿಸಿ ಒಳಕೋಣೆಗೆ ಹೊರಟರು. ಬಾಗಿಲಲ್ಲಿ ನಿಂತು, ತಿರುಗದೆಯೇ ಹೇಳಿದರು: "ಬರೋ ಬುಧವಾರ ನಾನು ಬರಲ್ಲ. ನೀನೊಬ್ಬಳೇ ಹೋಗಿ ನಿದ್ದೆ ಮಾಡ್ಕೊಂಡು ಬಾ."