ಬೀಗಕ್ಕೆ ಹಚ್ಚಿದ ಅರಿಶಿನ

ಲಂಡನ್ನಿನ ವೆಂಬ್ಲಿಯ ಒಂದು ಮನೆ ಬಾಗಿಲ ಮುಂದೆ ನಾವು ಮೂವರಿದ್ದೆವು: ಊರಿಂದ ಬಂದ ನಾನು, ಆ ಮನೆಯಲ್ಲಿರುವ ನನ್ನ ಧಾರವಾಡದ ಗೆಳತಿ ಶಾರದಾ, ಅವಳ ಮಗ ಗಿರೀಶ. ಕೈಯಲ್ಲಿ ಸಂಕ್ರಾಂತಿಗೆಂದು ಕೊಂಡ ಎಳ್ಳು, ಬೆಲ್ಲ, ಕಬ್ಬು. ಬೀದಿಗೆ ತೆರೆಯುವ ಬಾಗಿಲು ಅದು. ಕೀಲಿಕೈ ಇಲ್ಲ, ಅಂಕಿ ಒತ್ತಿ ತೆಗೆಯುವ ಹೊಸ ಬೀಗ. ಗಿರೀಶ ಒತ್ತಿಯೇ ಒತ್ತಿದ, ಗುಂಡಿಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಥಂಡಿಗೆ ಕೆಟ್ಟದ, ಅವ್ವಾ."

"ಅಗ್ಗದ್ದು ಹುಡುಕಿ ತಂದರ ಇನ್ನೇನಾಗ್ತದ? ಮೌಶಿ ಊರಿಂದ ಬಂದಾಳ, ಬೀದ್ಯಾಗ ನಿಲ್ಲಿಸೀದಿ!" ಶಾರದಾ ಗದರಿದಳು. ಚಳಿಗೆ ಅವಳ ಹಲ್ಲು ಕಟಕಟ ಅನ್ನುತ್ತಿದ್ದವು.

"ತಪ್ಪಾತು, ಮೌಶಿ," ಅಂದ ಅವನು, ಚಿಕ್ಕಮ್ಮನಿಗೆ ಹೇಳುವಂತೆ ನನಗೆ.

ಬೆಳಿಗ್ಗೆ ಹೊಸ್ತಿಲ ಪೂಜೆ ಮಾಡುವಾಗ, ಮನೆ ಕಾಯುವುದು ಇದೂ ಅಲ್ಲವೇ ಎಂದು ಬೀಗದ ಗುಂಡಿಗಳಿಗೂ ಕಲಸಿದ ಅರಿಶಿನ ಧಾರಾಳವಾಗಿ ಬಳಿದಿದ್ದೆ. ಅಂಕಿ ಮುಚ್ಚಿಹೋದವೆಂದು ಮೇಲಿನದನ್ನು ಒರೆಸಿದ್ದೆ. ಸಂದಿಗೆ ಇಳಿದದ್ದು ಅಲ್ಲೇ ಹೆಪ್ಪುಗಟ್ಟಿರಬೇಕು. ಹೇಳಬೇಕಿತ್ತು. ಕಬ್ಬಿನ ಕಟ್ಟು ಸರಿಮಾಡುವವಳಂತೆ ತಲೆ ಬಗ್ಗಿಸಿದೆ.

ಪಕ್ಕದ ಮನೆಯಾಕೆ ಕೂದಲು ಒಣಗಿಸುವ ಯಂತ್ರ ತಂದು ಬೀಗಕ್ಕೆ ಬಿಸಿಗಾಳಿ ಹಿಡಿದಳು. ಗುಂಡಿಗಳ ಸಂದಿಯಿಂದ ಹಳದಿ ನೀರು ಸಣ್ಣಗೆ ಇಳಿಯಿತು. ಬಾಗಿಲು ತೆರೆಯಿತು. ಗಿರೀಶ ಆ ನೀರು ನೋಡಿದ, ಹಳದಿಯಾಗಿದ್ದ ನನ್ನ ಉಗುರು ನೋಡಿದ. ಅವ್ವನಿಗೆ ಕಾಣದ ಹಾಗೆ ಅಂಗೈಯಿಂದ ಬೀಗ ಒರೆಸಿದ.

"ಒಳಗ ಬರ್ರಿ ಮೌಶಿ, ಚಾ ಮಾಡ್ತೀನಿ."

ಚಹಾ ಕುಡಿಯುವಾಗ ಶಾರದಾಗೆ ನಾನೇ ಹೇಳಿದೆ. ಅವಳು ಮಗನ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದಳು.

ಮುಂದಿನ ಶುಕ್ರವಾರ ಹೊಸ್ತಿಲ ಪೂಜೆಗೆ ಮುಂಚೆ ಗಿರೀಶ ಬೀಗದ ಗುಂಡಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ. ಶಾರದಾ ಅರಿಶಿನದ ಬಟ್ಟಲು ತಂದು ನನ್ನ ಕೈಗೇ ಕೊಟ್ಟಳು.