ಅರಳೆ ಕೋಣೆಯ ಕೊಡತಿ

ಗೋಡೆ ಬಡಿದವಳು ನಾನು, ತಮ್ಮಾ ಲಾಲಸಾಬ. ಸಿಂದಗಿಯ ನಮ್ಮ ಮನೆಯಲ್ಲಿ ನಿನಗೆ ಕೇಳಿಸಿದ ಆ ಪೆಟ್ಟುಗಳು ಗಾಳಿಯವಲ್ಲ, ನಿನ್ನ ತಲೆ ಕೆಟ್ಟದ್ದೂ ಅಲ್ಲ — ನಿನ್ನ ಅಕ್ಕನ ಕೈಯವು. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವಳು ನಾನು. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಗಂಡ ಸತ್ತು ನಾನು ತವರಿಗೆ ಬಂದಿದ್ದೆ. ನೀನು ಮುಂಬಯಿಯ ಹೋಟೆಲಿನ ಜಾಝ್ ಬ್ಯಾಂಡಿನಿಂದ ಕ್ಲಾರಿನೆಟ್ ಹಿಡಿದು ಬಂದೆ. ರೆಕಾರ್ಡಿನ ನಕಲು ಸಾಕು, ನಿನ್ನದೇ ದನಿ ತಗೊಂಡು ವಾಪಸ್ ಬಾ ಎಂದಿದ್ದನಂತೆ ನಿಮ್ಮ ಬ್ಯಾಂಡಿನ ಯಜಮಾನ. ಬರೆದದ್ದನ್ನು ಬಿಟ್ಟು ನಿಂತಲ್ಲೇ ಹುಟ್ಟಿಸಿ ಊದಬೇಕಂತೆ. ಒಲೆ ಮುಂದೆ ಕೂತು ನನಗೆ ಎರಡು ಕೋಲು ಬಡಿದು ತೋರಿಸಿದೆ: ಮೂರು ಪೆಟ್ಟು, ಒಂದು ಉಸಿರಿನಷ್ಟು ಬಿಡುವು, ಎರಡು ಪೆಟ್ಟು. ಕ್ಯೂಬಾ ಎಂಬ ನಡುಗಡ್ಡೆಯ ತಾಳ. ಆಫ್ರಿಕಾದಿಂದ ಹಿಡಿದೊಯ್ದ ಗುಲಾಮರ ಜೊತೆ ಅಲ್ಲಿಗೆ ಹೋದದ್ದು ಎಂದೆ ನೀನು.

"ಅಕ್ಕಾ, ಇದನ್ನ ನೀ ಬಡೀತಿರು, ನಾ ಊದತೇನಿ. ಪಳಗಿದ ಮ್ಯಾಲ ಬಡಿಯೋದ ಬ್ಯಾಡ, ಪೆಟ್ಟು ತಾನ ಕೇಳಸ್ತೈತಿ."

"ರೊಟ್ಟಿ ಬಡಿಯೋ ಕೈ ಇದು. ಎದ್ದು ಹೋಗಲೇ, ಹಂಚು ಕಾದೈತಿ."

ಹಾಗಂದೆ ನಾನು, ಆದರೆ ಕೈ ಕಲಿತುಬಿಟ್ಟಿತ್ತು. ಮರುದಿನ ಅಪ್ಪ ಗಾದಿ ತುಂಬಲು ಹದಿನೈದು ದಿನಕ್ಕೆಂದು ಇಂಡಿಗೆ ಹೋದ. ಅರಳೆ ಹಿಂಜುವ ಬಿಲ್ಲಿನ ಹುರಿಗೆ ಬಡಿಯುವ ಅವನ ಹಳೆಯ ಮರದ ಕೊಡತಿ ಅರಳೆ ಕೋಣೆಯಲ್ಲೇ ಇತ್ತು. ನಮ್ಮ ಮನೆಯಲ್ಲಿ ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ. ಅವ್ವ ಕಂಡಿದ್ದರೆ ಚರ್ಮ ಸುಲಿಯುತ್ತಿದ್ದಳು. ಮಧ್ಯಾಹ್ನ ಅವಳು ಅಡ್ಡಾದಾಗ ಬಾಗಿಲು ಮುಚ್ಚಿ, ನೀನು ಊದುತ್ತಿದ್ದ ಪಡಸಾಲೆಯ ಗೋಡೆಗೆ ಬಡಿದೆ. ಸುತ್ತ ಎದೆಯೆತ್ತರ ಅರಳೆ. ಅದು ಸದ್ದನ್ನು ಅರ್ಧ ನುಂಗಿ, ಉಳಿದದ್ದನ್ನು ಎಲ್ಲಿಂದ ಬಂತೆಂದು ತಿಳಿಯದ ಹಾಗೆ ನಿನಗೆ ಕೊಡುತ್ತಿತ್ತು.

ಮೊದಲು ನೀನು ಪೆಟ್ಟಿನ ಮೇಲೆಯೇ ಊದಿದೆ. ಆಮೇಲೆ ಪೆಟ್ಟಿಗಿಂತ ಚೂರು ಮುಂಚೆ, ಚೂರು ತಡವಾಗಿ — ನಡುವಿನ ಆ ಉಸಿರಿನೊಳಗೆ ನುಸುಳಿ. ಒಂಬತ್ತನೆಯ ದಿನ ಅದು ರೆಕಾರ್ಡಿನವರ ದನಿಯಾಗಿರಲಿಲ್ಲ. ನೀನು ಹಸಿದು ಅವ್ವನನ್ನು ಕೂಗುವಾಗ ಕೊನೆಗೊಂದು ಎಳೆತ ಬರುತ್ತದಲ್ಲ — ಆ ಎಳೆತ ಕ್ಲಾರಿನೆಟ್‌ನಲ್ಲಿತ್ತು.

ಅವತ್ತೇ ನನ್ನ ತೋಳು ಸೋತಿತು. ಕೊಡತಿಯನ್ನು ತೊಡೆಯ ಮೇಲಿಟ್ಟೆ.

ಪೆಟ್ಟು ನಿಲ್ಲಲಿಲ್ಲ.

ಮೂರು. ಉಸಿರು. ಎರಡು. ಬಿಸಿಲಿನಲ್ಲಿ ಅರಳೆಯ ಎಳೆಗಳು ಅಲ್ಲಾಡದೆ ನಿಂತಿದ್ದವು. ಗೋಡೆಗೆ ಅಂಗೈ ಒತ್ತಿದೆ — ತಣ್ಣಗಿತ್ತು, ಅದುರುತ್ತಿರಲಿಲ್ಲ. ಆದರೂ ಕೇಳಿಸುತ್ತಲೇ ಇತ್ತು. ಪಳಗಿದ ಮೇಲೆ ತಾನೇ ಕೇಳಿಸುತ್ತದೆ ಎಂದು ನೀನೇ ಹೇಳಿದ್ದೆ. ಆ ಗಳಿಗೆಯಲ್ಲಿ ನನಗೆ ಅದು ಹೊಳೆಯಲಿಲ್ಲ. ಕೊಡತಿಯನ್ನು ಅರಳೆಯೊಳಗೆ ತುರುಕಿ ಹೊರಗೆ ಓಡಿದೆ.

ನೀನು ಎದುರಿಗೇ ಬಂದೆ, ಮುಖವೆಲ್ಲ ಬೆವರು, ನಗು. ಎದ್ದ ಅವ್ವನೂ ಅಲ್ಲೇ ನಿಂತಿದ್ದಳು.

"ಅಕ್ಕಾ, ನನ್ನ ದನಿ ಬಂತು! ಗ್ವಾಡಿ ಹಿಂದ ಬಡಿಯೋರು ಯಾರು, ನೀನ ಹೌದಿಲ್ಲೋ?"

"ನಾನ್ಯಾಕ ಬಡೀಲಿ? ನನಗೇನೂ ಕೇಳಿಸಿಲ್ಲಪಾ."

"ಒಂಬತ್ತು ದಿನದಿಂದ?"

"ಒಂದ ದಿನಾನೂ ಇಲ್ಲ."

ನಿನ್ನ ನಗು ಒಮ್ಮೆಲೇ ಹೋಗಲಿಲ್ಲ. ತುಟಿಯ ಮೇಲೆ ಇತ್ತು, ಕಣ್ಣಿನಲ್ಲಿ ಇರಲಿಲ್ಲ — ಅದನ್ನು ನಾನು ನೋಡಿದೆ.

"ನಡು ಮಧ್ಯಾಹ್ನ ಊದಬ್ಯಾಡ ಅಂತ ಎಷ್ಟ ಬಡ್ಕೊಂಡೆ," ಎಂದಳು ಅವ್ವ. "ಗಾಳಿ ಸೋಕೇತಿ ಇವಗ."

ಗುರುವಾರ ದರ್ಗಾಕ್ಕೆ ಕರೆದೊಯ್ದು ನಿನ್ನ ತೋಳಿಗೆ ಕರಿ ದಾರ ಕಟ್ಟಿಸಿದರು. ದಾರ ಹಿಡಿದು ಕೊಟ್ಟವಳು ನಾನೇ. ಆಮೇಲೆ ನೀನು ಊದಲು ಕೂತರೆ ಅರ್ಧಕ್ಕೇ ನಿಲ್ಲಿಸಿ ಗೋಡೆ ನೋಡುತ್ತಿದ್ದೆ. ಮುಂಬಯಿಗೆ ಹೋಗಲಿಲ್ಲ. ಮುದ್ದೇಬಿಹಾಳದ ಮದುವೆ ಬ್ಯಾಂಡಿನಲ್ಲಿ, ಬರೆದದ್ದನ್ನು ಬರೆದ ಹಾಗೇ, ಒಂದು ಸ್ವರ ಆಚೀಚೆ ಆಗದಂತೆ ಊದಿ ಮುದುಕನಾದೆ. ನಾನು ಯಾವ ದಿನ ಬೇಕಾದರೂ ಹೇಳಬಹುದಿತ್ತು. ಅಪ್ಪ ಸತ್ತ, ಅವ್ವ ಸತ್ತಳು, ಹೆದರಬೇಕಾದವರು ಯಾರೂ ಉಳಿಯಲಿಲ್ಲ — ಆಗಲೂ...

ಮೊನ್ನೆ ನಿನ್ನ ಮಗಳು ಕೇಳಿದಳು: "ಅತ್ತೀ, ಅಪ್ಪಗ ಹುಚ್ಚ ಹಿಡಿದಿತ್ತಂತ, ಖರೇನ?"

"ಹಳೇ ಮಾತು, ಬಿಡವಾ," ಎಂದೆ. ಮತ್ತೆ ಅದೇ ತಪ್ಪು ಮಾಡಿದೆ.

ಶುಕ್ರವಾರ ಬಸವನ ಬಾಗೇವಾಡಿಗೆ, ನೀನು ಈಗಿರುವ ಮನೆಗೆ ಬರುತ್ತೇನೆ. ಮಕ್ಕಳನ್ನೆಲ್ಲ ಕೂಡಿಸು, ಅವರ ಎದುರಿಗೆ ಈ ಕಾಗದವನ್ನು ನಾನೇ ಓದುತ್ತೇನೆ. ಆಮೇಲೆ ನೀನು ನನ್ನ ಜೊತೆ ಮಾತಾಡು, ಬಿಡು. ಓದಿ ಮುಗಿಸುವವರೆಗೆ ಮಾತ್ರ ನನ್ನನ್ನು ಹೊರಗೆ ಕಳಿಸಬೇಡ.